ನಾನು ಹಿಂದಕ್ಕೆ ಪಡೆದ ಲೇಖನ

ಗುರುವಾರ, ಸೆಪ್ಟೆಂಬರ್ ೧೧
ಲ್ಯಾಬಿನ ನನ್ನ ಕೋಣೆಯಿಂದ, ಸಂಜೆ

ಪ್ರೀತಿಯ ಅಕ್ಕ,

ನಿನ್ನ ಮಂಡಿ ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದು ಡಾಕ್ಟರು ಹೇಳಿದ್ದನ್ನು ನೀನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿರುತ್ತೀಯ ಎಂದು ನನಗೆ ಗೊತ್ತು. ಈ ಕಾಗದ ಕೈಗೆ ಬಂದಾಗ ಮೊದಲು ಕೂತುಕೋ. ಮಂಡಿಗಾಗಿ ಅಲ್ಲ, ಕಾಗದಕ್ಕಾಗಿ.

ಫೋನ್ ಇರುವಾಗ ಇವಳೇಕೆ ಕಾಗದ ಬರೆಯುತ್ತಿದ್ದಾಳೆ ಎಂದು ಹುಬ್ಬೇರಿಸಬೇಡ. ಈ ವಾರ ಮೂರು ಸಲ ಫೋನ್ ಮಾಡಿದೆನಲ್ಲ, ಮೂರು ಸಲವೂ ಇದನ್ನೇ ಹೇಳಬೇಕೆಂದಿದ್ದೆ. ನೀನು ಎತ್ತಿದ ಕೂಡಲೆ "ಯಾಕೆ ಗುಬ್ಬಿ, ದನಿ ಬಿದ್ದುಹೋಗಿದೆ? ಊಟ ಮಾಡಿದ್ಯಾ?" ಎಂದೆ. ನಾನು ಮೋಡ, ಬಿಸಿಲು, ಪಕ್ಕದ ಮನೆಯ ನಾಯಿ, ಏನೇನೋ ಮಾತಾಡಿ ಇಟ್ಟುಬಿಟ್ಟೆ. ಫೋನಿನಲ್ಲಿ ಹೇಳಿದರೆ ನಾನು ಅಳುತ್ತೇನೆ, ನೀನು ನಿನ್ನ ನೋವನ್ನು ಪಕ್ಕಕ್ಕಿಟ್ಟು ನನ್ನನ್ನೇ ಸಮಾಧಾನ ಮಾಡುತ್ತೀಯ. ಹೊಡೆದವಳು ಅಳುವುದು, ಪೆಟ್ಟು ತಿಂದವಳು ಕಣ್ಣೊರೆಸುವುದು. ನಮ್ಮಿಬ್ಬರ ನಡುವೆ ಇದು ಚಿಕ್ಕಂದಿನಿಂದ ನಡೆದುಬಂದಿದೆ. ಈ ಸಲ ಬೇಡ ಎಂದು ಕಾಗದ ಹಿಡಿದು ಕೂತಿದ್ದೇನೆ.

ಸುತ್ತಿ ಬಳಸಿ ಹೇಳುವುದಿಲ್ಲ. ಭಾವ ಸೇರಿದ್ದ ಔಷಧಿಯ ಪ್ರಯೋಗ ನಿಂತುಹೋಗಿದೆ. ಸೋಮವಾರ ಆಸ್ಪತ್ರೆಯಿಂದ ಎಲ್ಲ ಮನೆಗಳಿಗೂ ಫೋನ್ ಹೋಗುತ್ತದೆ, ನಿಮ್ಮ ಮನೆಗೂ ಬರುತ್ತದೆ. ಗುರುತಿಲ್ಲದ ಒಂದು ದನಿ ನಿನಗೆ ಅದನ್ನು ಓದಿ ಹೇಳುವ ಮೊದಲು ನನ್ನಿಂದ ತಿಳಿಯಬೇಕು. ಆ ಔಷಧಿ ಕೆಲಸ ಮಾಡುವುದಿಲ್ಲ ಅಕ್ಕ. ಅದು ಕೆಲಸ ಮಾಡುತ್ತದೆ ಎಂದು ಲೋಕಕ್ಕೆಲ್ಲ ಮೊದಲು ಸಾರಿದವಳು ನಾನು. ನಾನು ಸಾರಿದ್ದು ತಪ್ಪು.

ಒಂಬತ್ತು ವರ್ಷದ ಹಿಂದಿನ ಆ ಲೇಖನ ನಿನಗೆ ಗೊತ್ತೇ ಇದೆ. ಭಾವ ಅದರ ಮೊದಲ ಪುಟಕ್ಕೆ ಚೌಕಟ್ಟು ಹಾಕಿ, ತಮ್ಮ ಫೋಟೋ ಫ್ರೇಮಿನ ಅಂಗಡಿಯ ಗೋಡೆಯ ಮೇಲೆ ಗಿರಾಕಿಗಳ ಮದುವೆ ಫೋಟೋಗಳ ಮಧ್ಯೆ ತೂಗುಹಾಕಿದ್ದರು. ಯಾರಾದರೂ "ಇದ್ಯಾರ ಮದುವೇದು?" ಎಂದು ಕೇಳಿದರೆ, "ನನ್ನ ನಾದಿನೀದು, ಮೈಕ್ರೋಸ್ಕೋಪಿನ ಜೊತೆ" ಎನ್ನುತ್ತಿದ್ದರು. ಅದರೊಳಗೆ ಏನಿದೆ ಎಂದು ನೀನು ಒಂದು ಸಲ ಕೇಳಿದ್ದೆ. ಆಗ ನಾನು ಜಂಬದಿಂದ ಕಷ್ಟದ ಮಾತಿನಲ್ಲಿ ಹೇಳಿದ್ದೆ. ಈಗ ಸುಲಭದ ಮಾತಿನಲ್ಲಿ ಹೇಳುತ್ತೇನೆ.

ಭಾವನಿಗೆ ಬಂದಿರುವಂಥ ನಡುಕದ ಕಾಯಿಲೆಯಲ್ಲಿ ಮಿದುಳಿನ ಕೆಲವು ಜೀವಕೋಶಗಳ ಒಳಗೆ ಒಂದು ಪ್ರೋಟೀನು ಗಂಟುಗಂಟಾಗಿ ಕಟ್ಟಿಕೊಳ್ಳುತ್ತದೆ. ಆ ಗಂಟು ಬರಿಗಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಅಂಟಿಕೊಂಡು ಹೊಳೆಯುವ ಒಂದು ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತೇವೆ. ನಾವು ತಯಾರಿಸಿದ ಔಷಧಿ ಕೊಟ್ಟ ಇಲಿಗಳಲ್ಲಿ ಆ ಹೊಳಪು ಮಾಯವಾಗಿತ್ತು. ಗಂಟು ಕರಗಿತು ಎಂದು ನಾವು ಬರೆದೆವು. ನಿಜವಾಗಿ ಆದದ್ದೇ ಬೇರೆ. ನಮ್ಮ ಔಷಧಿ ಹೋಗಿ ಗಂಟಿನ ಮೇಲೆ ಕೂತು, ಬಣ್ಣ ಅಂಟಿಕೊಳ್ಳುವ ಜಾಗವನ್ನು ಮುಚ್ಚಿತ್ತು ಅಷ್ಟೆ. ಗಂಟು ಇದ್ದಲ್ಲೇ ಇತ್ತು. ದೀಪ ಆರಿಸಿ, ಕಸ ಕಾಣುತ್ತಿಲ್ಲ, ಮನೆ ಗುಡಿಸಿ ಆಯಿತು ಎಂದ ಹಾಗೆ.

ಮೋಸ ಮಾಡಬೇಕೆಂದು ಮಾಡಲಿಲ್ಲ. ಇದೊಂದನ್ನು ನಂಬು. ಆದರೆ ಬೇರೆ ಬಣ್ಣ ಹಾಕಿ ಇನ್ನೊಂದು ಸಲ ನೋಡೋಣ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಬೇಕಾದ್ದು ಕಂಡ ಮೇಲೆ ಯಾರು ಮತ್ತೆ ಹುಡುಕುತ್ತಾರೆ?

ಆಮೇಲೆ ಬಂತಲ್ಲ, ಭಾವನ ಪ್ರೀತಿಯ "ಸ್ಕೋರು". ನಮ್ಮ ಕಸುಬಿನಲ್ಲಿ ಒಬ್ಬರ ಲೇಖನವನ್ನು ಇನ್ನೊಬ್ಬರು ತಮ್ಮ ಲೇಖನದಲ್ಲಿ ಹೆಸರಿಸಿ, "ಇಂಥವರು ಇದನ್ನು ತೋರಿಸಿದ್ದಾರೆ" ಎಂದು ಬರೆದರೆ ಅದೊಂದು ಉಲ್ಲೇಖ. ಉಲ್ಲೇಖ ಹೆಚ್ಚಿದಷ್ಟೂ ಮಾನ, ಹುದ್ದೆ, ದೊಡ್ಡ ಲ್ಯಾಬು. ನನ್ನ ಉಳಿದ ಲೇಖನಗಳನ್ನೆಲ್ಲ ಒಟ್ಟು ಕೂಡಿಸಿದರೂ ನಾಲ್ಕು ನೂರು ದಾಟದು. ಇದೊಂದಕ್ಕೇ ಎರಡು ಸಾವಿರದ ಮೇಲೆ. ಪ್ರತಿ ಭಾನುವಾರ ಭಾವ ಫೋನಿನಲ್ಲಿ "ಸ್ಕೋರ್ ಎಷ್ಟಮ್ಮ?" ಎಂದು ಕೇಳುತ್ತಿದ್ದರು. ನಾನು ಹೇಳಿದರೆ, "ಅಬ್ಬಾ, ನಿನ್ನ ಹೆಸರು ಹೇಳ್ಕೊಂಡು ಎಷ್ಟು ಜನ ಅನ್ನ ತಿಂತಿದ್ದಾರೆ!" ಎಂದು ನಗುತ್ತಿದ್ದರು. ಆ ಎರಡು ಸಾವಿರ ಜನರಲ್ಲಿ ಎಷ್ಟು ಜನ ನಮ್ಮ ಪ್ರಯೋಗವನ್ನು ತಾವೇ ಮಾಡಿ ನೋಡಿದ್ದರು ಎಂದುಕೊಂಡೆ? ಬೆರಳೆಣಿಕೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಎತ್ತು ಈಯಿತು ಎಂದವಳು ನಾನು. ಮಿಕ್ಕವರು ಹಗ್ಗ ತಂದರು.

ಈ ವರ್ಷ ಮಾರ್ಚಿನಲ್ಲಿ ನಮ್ಮ ಲ್ಯಾಬಿಗೆ ಒಬ್ಬ ಹೊಸ ಸಂಶೋಧಕಿ ಬಂದಳು. ಬಹಳ ಮೆಲ್ಲಗೆ ಮಾತಾಡುತ್ತಾಳೆ. ಎಲ್ಲರೂ ಅವಳನ್ನು ಪಿಸುಮಾತು ಎಂದೇ ಕರೆಯುತ್ತಾರೆ. ಬೇರೆ ಲ್ಯಾಬಿನಲ್ಲಿ ಪಿಎಚ್‌ಡಿ ಮುಗಿಸಿ, ಹೊಸ ಬಗೆಯ ಮೈಕ್ರೋಸ್ಕೋಪಿನಲ್ಲಿ ಪಳಗಿ ಬಂದವಳು. ಕೈಪಳಗಲಿ ಎಂದು ನಮ್ಮ ಹಳೆಯ ಪ್ರಯೋಗವನ್ನೇ ಮತ್ತೆ ಮಾಡಲು ಕೊಟ್ಟಿದ್ದೆ. ಒಂದು ದಿನ ನನ್ನ ಬಾಗಿಲಲ್ಲಿ ನಿಂತು ಏನೋ ಹೇಳಿದಳು. ಕೇಳಿಸಲಿಲ್ಲ. ಹತ್ತಿರ ಕರೆದೆ.

"ಮೇಡಂ, ಗಂಟು ಹೋಗಿಲ್ಲ" ಎಂದಳು. "ಅಲ್ಲೇ ಇದೆ. ನಮ್ಮ ಬಣ್ಣಕ್ಕೆ ಕಾಣಿಸ್ತಿಲ್ಲ, ಅಷ್ಟೇ."

ನಾನು ಅವಳ ಮೇಲೆ ರೇಗಿದೆ ಅಕ್ಕ. ನಿನ್ನ ದ್ರಾವಣ ಕೆಟ್ಟಿದೆ, ಕೈ ಶುದ್ಧವಿಲ್ಲ, ಮೊದಲಿನಿಂದ ಮಾಡು ಎಂದೆ. ಅವಳು ಎದುರು ಮಾತಾಡದೆ ಹೋಗಿ ಮತ್ತೆ ಮಾಡಿದಳು. ಮತ್ತೆ ಅದೇ ಬಂತು. ಕೊನೆಗೆ ಒಂದು ಭಾನುವಾರ ಯಾರೂ ಇಲ್ಲದಾಗ ನಾನೇ ಬಿಳಿ ಕೋಟು ಹಾಕಿಕೊಂಡು ಕೂತೆ. ಎಷ್ಟೋ ವರ್ಷದಿಂದ ನಾನು ಸ್ವತಃ ಪ್ರಯೋಗ ಮಾಡಿರಲಿಲ್ಲ. ಲೇಖನ ತಿದ್ದುವುದು, ಭಾಷಣ ಮಾಡುವುದು, ಸಭೆಯಲ್ಲಿ ಕೂರುವುದು, ಇಷ್ಟೇ ಆಗಿತ್ತು. ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲೆ ಆ ಗಂಟುಗಳು ಒಂದೊಂದಾಗಿ ಮೂಡಿದವು. ಒಂದೂ ಕರಗಿರಲಿಲ್ಲ. ನಾನು ಕುರ್ಚಿಯನ್ನು ಹಿಂದಕ್ಕೆ ತಳ್ಳಿ, ಯಾರಾದರೂ ನೋಡಿದರೇನೋ ಎಂದು ಬಾಗಿಲ ಕಡೆ ತಿರುಗಿದೆ. ಅಯ್ಯೋ ಇದು ತಪ್ಪಾಯಿತಲ್ಲ ಎಂಬುದಕ್ಕಿಂತ ಮೊದಲು ನನಗೆ ಬಂದ ಯೋಚನೆ ಅದು.

ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ಇಲ್ಲಿಂದ ಮುಂದಿನದ್ದನ್ನು ತಪ್ಪು ಲೆಕ್ಕ, ತಪ್ಪು ಬಣ್ಣ ಎಂದು ಹೇಳಿ ಜಾರಿಕೊಳ್ಳುವ ಹಾಗಿಲ್ಲ.

ಏಪ್ರಿಲಿನ ಆ ಸಮಾರಂಭವನ್ನು ನೆನಪು ಮಾಡಿಕೋ. ಎರಡು ಸಾವಿರ ಉಲ್ಲೇಖ ದಾಟಿತೆಂದು ಸಂಸ್ಥೆಯವರು ನನಗೆ ಸನ್ಮಾನ ಇಟ್ಟುಕೊಂಡಿದ್ದರು. ನೀವಿಬ್ಬರೂ ಬಸ್ಸು ಹಿಡಿದು ಬಂದಿರಿ. ನೀನು ನೀಲಿ ಸೀರೆ ಉಟ್ಟಿದ್ದೆ. ಭಾವ ಕೈ ನಡುಗುವುದು ಕಾಣಬಾರದೆಂದು ಇಡೀ ಹೊತ್ತು ಬಲಗೈಯನ್ನು ಕೋಟಿನ ಜೇಬಿನಲ್ಲೇ ಇಟ್ಟುಕೊಂಡಿದ್ದರು. ಚಪ್ಪಾಳೆ ತಟ್ಟುವಾಗ ಮಾತ್ರ ಹೊರಗೆ ತೆಗೆದರು. ನಾನು ವೇದಿಕೆಯ ಮೇಲಿಂದ ನೋಡಿದೆ. ಅವರ ಎರಡು ಅಂಗೈ ಒಂದಕ್ಕೊಂದು ಸರಿಯಾಗಿ ಸೇರುತ್ತಿರಲಿಲ್ಲ. ನೀನು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದೆ. ನಾನು ಭಾಷಣದ ನಡುವೆ ತಡವರಿಸಿದೆ. ಎಲ್ಲರೂ ಅದನ್ನು ಸಂತೋಷದ ಭಾವುಕತೆ ಎಂದುಕೊಂಡರು. ನೀನೂ ಆಮೇಲೆ "ಎಷ್ಟು ಚೆನ್ನಾಗಿ ಗದ್ಗದಿತಳಾದೆ" ಎಂದು ಛೇಡಿಸಿದೆ. ಅಕ್ಕ, ನನಗೆ ಆಗ ಎಲ್ಲ ಗೊತ್ತಿತ್ತು. ಹೂಗುಚ್ಛ ಕೈಯಲ್ಲಿ ಹಿಡಿದು, ಮೂರನೇ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ ಪಿಸುಮಾತಿನ ಕಡೆಗೆ ಒಮ್ಮೆಯೂ ನೋಡದೆ ನಾನು ಮಾತು ಮುಗಿಸಿದೆ.

ಸಮಾರಂಭ ಮುಗಿಯಲಿ ಎಂದಿದ್ದೆ. ಮುಗಿದ ಮೇಲೆ ಇನ್ನೊಂದು ಪರೀಕ್ಷೆ ಮಾಡಿ ನೋಡೋಣ ಎಂದುಕೊಂಡೆ. ಅದಾದ ಮೇಲೆ ನಿರ್ದೇಶಕರು ಪ್ರವಾಸದಿಂದ ಬರಲಿ ಎಂದುಕೊಂಡೆ. ಅವರು ಬಂದ ಮೇಲೆ ಅವರ ಕಿವಿಯ ಮೇಲೆ ಹಾಕಿದೆ. ಅವರು ಬಾಗಿಲು ಮುಚ್ಚಿಕೊಂಡು, "ಅವಸರ ಯಾಕೆ? ಸಣ್ಣದೊಂದು ತಿದ್ದುಪಡಿ ಬರೆದು ಕಳಿಸಿದರೆ ಆಯ್ತಪ್ಪ. ನಿಮ್ಮೊಬ್ಬರ ಮರ್ಯಾದೆ ಅಲ್ಲ ಇದು" ಎಂದರು. ಬೇರೆ ಯಾರಾದರೂ ಹೀಗೆ ಹೇಳಿದ್ದರೆ ನಾನು ಕಿಡಿಕಾರುತ್ತಿದ್ದೆ. ಅವತ್ತು ಅವರ ಮಾತು ನನಗೆ ತಂಪು ನೀರಿನ ಹಾಗಿತ್ತು. ತಿದ್ದುಪಡಿಯನ್ನೂ ಬರೆಯಲಿಲ್ಲ. ನಾಳೆ ನಾಳೆ ಎನ್ನುತ್ತಾ ನಾಲ್ಕು ತಿಂಗಳು ಕಳೆದೆ. ಆ ದಿನಗಳಲ್ಲಿ ಬೆಳಗ್ಗೆ ಕಂಪ್ಯೂಟರ್ ತೆರೆದರೆ "ನಿಮ್ಮ ಲೇಖನವನ್ನು ಇಂಥವರು ಉಲ್ಲೇಖಿಸಿದ್ದಾರೆ" ಎಂಬ ಸಂದೇಶ ಬಂದಿರುತ್ತಿತ್ತು. ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಆ ನಾಲ್ಕು ತಿಂಗಳು ನಿಮ್ಮ ಮನೆಯಲ್ಲಿ ಏನು ನಡೆಯಿತು ಎಂದು ನಾನು ನಿನಗೆ ಹೇಳಬೇಕಿಲ್ಲ. ಆದರೂ ಬರೆಯುತ್ತೇನೆ. ನನಗೆ ಗೊತ್ತಿರಲಿಲ್ಲ ಎಂದು ನೀನು ಅಂದುಕೊಳ್ಳಬಾರದು.

ಹೋದ ವರ್ಷ ಭಾವನ ಡಾಕ್ಟರು ಹಳೆಯ ಮಾತ್ರೆಯ ಪ್ರಮಾಣ ಹೆಚ್ಚಿಸೋಣ ಎಂದಿದ್ದರು. ನೀನೂ ಹೂಂ ಎಂದಿದ್ದೆ. ತಡೆದವಳು ನಾನು. ಪ್ರಯೋಗಕ್ಕೆ ಸೇರುವವರು ಹಳೆಯ ಮಾತ್ರೆಯನ್ನು ಇದ್ದ ಪ್ರಮಾಣದಲ್ಲೇ ಇಟ್ಟುಕೊಂಡಿರಬೇಕು, ನಡುವೆ ಹೆಚ್ಚಿಸುವ ಹಾಗಿಲ್ಲ, ಸ್ವಲ್ಪ ತಡೆದುಕೊಳ್ಳಿ ಎಂದೆ. ನೀನು ಅನುಮಾನಿಸಿದೆ. "ಇದ್ದ ಮಾತ್ರೇನೇ ನೆಟ್ಟಗೆ ಕೊಟ್ಟರೆ ಸಾಲ್ದೇನೇ?" ಎಂದು ಕೇಳಿದೆ. ನಾನು ನಕ್ಕೆ. ಅದು ಬರೀ ನಡುಕ ಮುಚ್ಚುತ್ತೆ ಅಕ್ಕ, ನಮ್ಮದು ಕಾಯಿಲೆಯ ಬೇರನ್ನೇ ಕೀಳುತ್ತೆ ಎಂದೆ. ಆ ನಗು ನನಗೆ ಈಗಲೂ ಕೇಳಿಸುತ್ತದೆ.

ಭಾವ ತಡೆದುಕೊಂಡರು. ಗಾಜಿನ ಮೇಲೆ ಕಟ್ಟರ್ ಎಳೆಯುವಾಗ ಗೆರೆ ಸೊಟ್ಟಗಾಗಲು ಶುರುವಾಯಿತು. ಮೇ ತಿಂಗಳಲ್ಲಿ ಗಾಜು ಜಾರಿ ಹೆಬ್ಬೆರಳಿನ ಬುಡ ಸೀಳಿ ಹೊಲಿಗೆ ಹಾಕಿಸಬೇಕಾಯಿತು. ಜೂನ್‌ನಲ್ಲಿ ಅಂಗಡಿಯ ಷಟರ್ ಎಳೆದರು. ನೀನು ಫೋನಿನಲ್ಲಿ "ಸ್ವಲ್ಪ ದಿನಕ್ಕೆ ಅಷ್ಟೇ, ಔಷಧಿ ಹಿಡಿದ ಮೇಲೆ ತೆಗೀತಾರೆ" ಎಂದೆ. ಮಾತು ಮಾತಿಗೂ ನಿನ್ನ ದನಿಯಲ್ಲಿ ನನ್ನ ಮೇಲಿನ ನಂಬಿಕೆ. ತಪಾಸಣೆಗೆ ಬಂದಾಗೆಲ್ಲ ಅವರ ಬೆನ್ನಿಗೆ ಸೂಜಿ ಹಾಕಿ ನೀರು ತೆಗೆಯುತ್ತಿದ್ದರು. ಎರಡು ದಿನ ತಲೆ ಎತ್ತಲಾಗುತ್ತಿರಲಿಲ್ಲವಂತೆ. ಮಾರ್ಚಿನಿಂದ ಈಚೆಗಿನ ಆ ಸೂಜಿಗಳನ್ನೆಲ್ಲ ನಾನೇ ಚುಚ್ಚಿದ ಹಾಗೆ. ಮಾರ್ಚಿಗೆ ಮೊದಲಿನದು ನನ್ನ ಅಜ್ಞಾನ ಎನ್ನಬಹುದು. ಆಮೇಲಿನದಕ್ಕೆ ಬೇರೆ ಹೆಸರಿದೆ. ಅದನ್ನು ನೀನೇ ಇಟ್ಟುಕೋ.

ಜುಲೈ ಕೊನೆಯಲ್ಲಿ ನಿನ್ನ ಮಂಡಿಯ ಆಪರೇಷನ್ ಆಗಿ ಹಾಸಿಗೆ ಹಿಡಿದಿದ್ದೆಯಲ್ಲ, ಆಗ ಭಾವ ಒಬ್ಬರೇ ತಪಾಸಣೆಗೆ ಬಂದು ನನ್ನ ಮನೆಯಲ್ಲಿ ಉಳಿದುಕೊಂಡರು. ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಅದಕ್ಕೆ ಮೊದಲು ಆ ಕಾಯುವ ಕೋಣೆಗೆ ನಾನು ಕಾಲಿಟ್ಟಿರಲಿಲ್ಲ. ಉದ್ದನೆಯ ಕೋಣೆ, ಗೋಡೆಗೆ ಒರಗಿಸಿದ ಪ್ಲಾಸ್ಟಿಕ್ ಕುರ್ಚಿಗಳು, ಮೂಲೆಯಲ್ಲಿ ಕುಡಿಯುವ ನೀರಿನ ಯಂತ್ರ. ಅಲ್ಲಿ ಕೂತವರೆಲ್ಲರ ಒಂದೊಂದು ಕೈ ನಡುಗುತ್ತಿತ್ತು. ಭಾವನ ಪಕ್ಕ ಒಬ್ಬ ನಿವೃತ್ತ ಬಸ್ ಡ್ರೈವರ್ ಕೂತಿದ್ದರು. ಇಬ್ಬರೂ ಆಗಲೇ ಹಳೆಯ ಸ್ನೇಹಿತರ ಹಾಗಿದ್ದರು. ಭಾವ ನನ್ನನ್ನು ತೋರಿಸಿ, "ಇವಳೇ ಕಣ್ರೀ, ಇದನ್ನ ಕಂಡುಹಿಡಿದೋಳು. ನನ್ನ ನಾದಿನಿ" ಎಂದರು. ಡ್ರೈವರ್ ಏಳಲು ಹೋದರು. ಕಾಲು ತಕ್ಷಣ ಮಾತು ಕೇಳಲಿಲ್ಲ. ಆದರೂ ಕುರ್ಚಿ ಹಿಡಿದು ಎದ್ದು ನಿಂತು ಕೈ ಮುಗಿದರು. "ನಿಮ್ಮ ಹೊಟ್ಟೆ ತಣ್ಣಗಿರಲಿ ತಾಯಿ. ಮೊಮ್ಮಗಳಿಗೆ ಸೈಕಲ್ ಕಲಿಸ್ತೀನಿ ಅಂತ ಮಾತು ಕೊಟ್ಟಿದ್ದೀನಿ" ಎಂದರು. ನಾನು ನೀರು ಕುಡಿಯುವ ನೆಪದಲ್ಲಿ ಮೂಲೆಗೆ ಹೋಗಿ ಬೆನ್ನು ತಿರುಗಿಸಿ ನಿಂತೆ.

ಅವತ್ತು ಸಂಜೆ ಮನೆಗೆ ಬಂದು ಊಟ ಮಾಡಿ ಭಾವ ಬೇಗ ಮಲಗಿದರು. ಅವರಿಗೆ ನಾನು ಏನೂ ಹೇಳಲಿಲ್ಲ. ಹೇಳುವ ಧೈರ್ಯ ಆಗಲಿಲ್ಲ. ಆದರೆ ಆ ಡ್ರೈವರ್ ಎದ್ದು ನಿಂತದ್ದು ನನ್ನನ್ನು ಕೂರಲು ಬಿಡಲಿಲ್ಲ. ಇನ್ನು ಸಾಕು ಎಂದು ನಾನೇ ನಿಶ್ಚಯಿಸಿದೆ. ಮರುದಿನ ಬೆಳಗ್ಗೆ ಪ್ರಯೋಗ ನಡೆಸುತ್ತಿದ್ದ ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಲೇಖನವನ್ನು ಹಿಂದಕ್ಕೆ ಪಡೆಯುತ್ತೇನೆ ಎಂದು ವಿಜ್ಞಾನ ಪತ್ರಿಕೆಯ ಸಂಪಾದಕರಿಗೂ ಬರೆದೆ.

ಡಾಕ್ಟರು ಒಂದೇ ಪ್ರಶ್ನೆ ಕೇಳಿದರು: "ನಿಮಗೆ ಯಾವಾಗಿಂದ ಗೊತ್ತು?" ಮಾರ್ಚಿನಿಂದ ಎಂದೆ. ಅವರು ಫೋನ್ ಇಟ್ಟರು. ಅವರ ಕಡೆಯ ಸಮಿತಿ ಎಲ್ಲವನ್ನೂ ಪರಿಶೀಲಿಸಲು ಆರು ವಾರ ತೆಗೆದುಕೊಂಡಿತು. ಹೊಸಬರನ್ನು ಸೇರಿಸುವುದನ್ನು ಅಂದೇ ನಿಲ್ಲಿಸಿದರು. ಮೊನ್ನೆ ಪೂರ್ತಿ ಮುಚ್ಚಿದರು. ಔಷಧಿಯಿಂದ ಯಾರಿಗೂ ಹೊಸ ಹಾನಿ ಆಗಿಲ್ಲ ಎಂದು ಸಮಿತಿ ಹೇಳಿದೆ. ಇದನ್ನು ಬರೆಯುವಾಗ ನನ್ನ ಕೈ ಸ್ವಲ್ಪ ಹಗುರಾಗುತ್ತದೆ. ಹಗುರಾಗಬಾರದು ಎಂದೂ ಅನ್ನಿಸುತ್ತದೆ. ಹೋದ ಕಾಲವೂ ಹಾನಿಯೇ. ಅದನ್ನು ಅಳೆಯುವ ಸಮಿತಿ ಇಲ್ಲ.

ಸುದ್ದಿ ಹರಡುತ್ತಿದ್ದಂತೆ ನನಗೆ ಮೇಲ್‌ಗಳು ಬರತೊಡಗಿವೆ. ಬೈಗುಳ ಬಂದರೆ ನೆಮ್ಮದಿ. ಬೇರೆ ಥರದವೂ ಬರುತ್ತವೆ. ಒಬ್ಬಾಕೆ ಬರೆದಿದ್ದಾಳೆ. ಐದು ವರ್ಷದ ಹಿಂದೆ ತನ್ನ ಪಿಎಚ್‌ಡಿಗಾಗಿ ನಮ್ಮ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿದಳಂತೆ, ಬರಲೇ ಇಲ್ಲವಂತೆ. ಸಾವಿರ ಜನ ಉಲ್ಲೇಖಿಸಿದ ಲೇಖನ ತಪ್ಪಾಗುತ್ತದೆಯೆ, ನಿನ್ನ ಕೈಗುಣವೇ ಸರಿಯಿಲ್ಲ ಎಂದು ಅವಳ ಮಾರ್ಗದರ್ಶಕರು ಹೇಳಿದರಂತೆ. ಅವಳೂ ನಂಬಿದಳಂತೆ. ಸಂಶೋಧನೆ ಬಿಟ್ಟು ಈಗ ಒಂದು ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಳೆ. ಸಿಟ್ಟಿನ ಒಂದು ಮಾತೂ ಇರಲಿಲ್ಲ. "ನನ್ನ ಕೈ ಸರಿಯಾಗಿಯೇ ಇತ್ತು ಎಂದು ತಿಳಿಸಿದ್ದಕ್ಕೆ ಥ್ಯಾಂಕ್ಸ್" ಎಂದು ಮುಗಿಸಿದ್ದಳು. ನಾನು ಪಿಸುಮಾತಿಗೆ ಮಾರ್ಚಿನಲ್ಲಿ ಹೇಳಿದ್ದೂ ಅದೇ ಮಾತಲ್ಲವೆ? ಅವಳನ್ನು ಕರೆದು ಕ್ಷಮೆ ಕೇಳಿದೆ. ಅವಳು ಎಂದಿನಂತೆ ಏನೋ ಗೊಣಗಿದಳು. ಈ ಸಲ ಮತ್ತೆ ಹೇಳು ಎಂದು ಕೇಳುವ ಮುಖ ನನಗಿರಲಿಲ್ಲ. ತಪ್ಪು ಹೇಗಾಯಿತು ಎಂದು ತೋರಿಸುವ ಹೊಸ ಲೇಖನ ಅವಳ ಹೆಸರಿನಲ್ಲಿ ಬರುತ್ತದೆ. ಲ್ಯಾಬಿನ ಮುಖ್ಯಸ್ಥೆಯ ಸ್ಥಾನವನ್ನು ಈ ತಿಂಗಳ ಕೊನೆಗೆ ಬಿಡುತ್ತಿದ್ದೇನೆ. ನಿರ್ದೇಶಕರು ಕಾರಿಡಾರಿನಲ್ಲಿ ಎದುರಾದರೆ ಫೋನ್ ಕಿವಿಗೆ ಇಟ್ಟುಕೊಳ್ಳುತ್ತಾರೆ. ಇರಲಿ.

ಇಷ್ಟಾದರೂ ಆ ಲೇಖನ ಸುಮ್ಮನೆ ಮಲಗುವುದಿಲ್ಲ ನೋಡು. ಹಿಂದಕ್ಕೆ ಪಡೆದಿದ್ದೇವೆ ಎಂದು ಪತ್ರಿಕೆಯವರು ಹೋದ ವಾರವೇ ಅದರ ಮೇಲೆ ಕೆಂಪಕ್ಷರದಲ್ಲಿ ಮುದ್ರೆ ಒತ್ತಿದ್ದಾರೆ. ಇವತ್ತು ಬೆಳಗ್ಗೆ ಮತ್ತೆ ಇಬ್ಬರು ಉಲ್ಲೇಖಿಸಿದ್ದಾರೆ. ಇನ್ನು ಹತ್ತು ವರ್ಷ ಹೀಗೇ ಯಾರೋ ಒಬ್ಬರು ಓದದೆ ನನ್ನ ಹೆಸರು ಬರೆಯುತ್ತಿರುತ್ತಾರೆ.

ಈಗ ಕಷ್ಟದ ಮಾತು. ಹೋದ ವಾರ ನೀನು ಫೋನಿನಲ್ಲಿ ಮಗುವಿನ ಹಾಗೆ ಕೂಗಿದೆ: "ಗುಬ್ಬೀ, ಇವತ್ತು ಅವರೇ ಶರ್ಟಿನ ಗುಂಡಿ ಹಾಕ್ಕೊಂಡ್ರು ಕಣೇ! ನಿನ್ನ ಔಷಧಿ ಹಿಡೀತಿದೆ!" ನಾನು ಹೌದಾ ಅಕ್ಕ ಎಂದೆ. ಹೌದಾ ಎನ್ನುವುದು ಎಷ್ಟು ಸುಲಭ. ಆ ಗುಂಡಿಗೆ ಕಾರಣ ನನ್ನ ಔಷಧಿ ಅಲ್ಲ. ಈ ಕಾಯಿಲೆಯಲ್ಲಿ ನಂಬಿಕೆಗೂ ಸ್ವಲ್ಪ ಬಲವಿದೆ, ಗುಣವಾಗುತ್ತೇನೆ ಎಂಬ ಆಸೆಯೇ ಕೆಲವು ವಾರ ಕೈಯನ್ನು ಹಿಡಿದು ನಿಲ್ಲಿಸುತ್ತದೆ. ಹಾಗೇ ಇರಬೇಕು.

ಭಾವನಿಗೆ ಇನ್ನೂ ವಿಷಯ ಗೊತ್ತಿಲ್ಲ. ಹೇಗೆ, ಯಾವಾಗ ಹೇಳಬೇಕು ಎಂದು ನೀನೇ ನೋಡು. ನನ್ನ ಬಗ್ಗೆ ಹೇಳುವಾಗ ಏನನ್ನೂ ಮೃದು ಮಾಡಬೇಡ. ಗೋಡೆಯ ಮೇಲಿನ ಆ ಚೌಕಟ್ಟನ್ನು ಇಳಿಸು.

ಕ್ಷಮಿಸು ಎಂದು ಬರೆಯುವುದಿಲ್ಲ. ಬರೆದರೆ ನೀನು ಕ್ಷಮಿಸಿಬಿಡುತ್ತೀಯ. ನಿನಗೆ ಬಯ್ಯಬೇಕು ಅನ್ನಿಸಿದ ದಿನ ಫೋನ್ ಮಾಡು. ಅಲ್ಲಿಯವರೆಗೆ ನಾನು ಮಾಡುವುದಿಲ್ಲ.

ನಿನ್ನ ತಂಗಿ,
ಗುಬ್ಬಿ

ಸಹಿ ಮಾಡಿದ ಮೇಲೆ, ಶುಕ್ರವಾರ ಬೆಳಗ್ಗೆ:

ಕೊರಿಯರಿನ ಲಕೋಟೆಗೆ ಹಾಕುವ ಮೊದಲು ಇನ್ನೊಮ್ಮೆ ಓದಿದೆ. ಇಷ್ಟು ಪುಟ ಬರೆದೂ ಕೊನೆಯಲ್ಲಿ ನಿನಗೆ ಸುಳ್ಳು ಹೇಳಿದ್ದೇನೆ. ಕಾಗದ ಹೀಗೇ ನಿನ್ನ ಕೈಗೆ ಬಂದರೆ, ಭಾವನ ಕೈ ಇನ್ನು ಕೆಲವೇ ವಾರದಲ್ಲಿ ಮತ್ತೆ ಬಿದ್ದುಹೋಗುತ್ತದೆ ಎಂದು ನೀನು ಪ್ರತಿದಿನ ಆ ಗುಂಡಿಗಳನ್ನೇ ನೋಡುತ್ತಾ ಕೂರುತ್ತೀಯ. ಅದು ಬೇಡ. ಭಾವನಿಗೆ ಕೊಟ್ಟ ಮಾತು ಮುರಿಯುತ್ತಿದ್ದೇನೆ.

ಭಾವನಿಗೆ ಜುಲೈನಿಂದಲೂ ಎಲ್ಲ ಗೊತ್ತು. ಅವತ್ತು ಸಂಜೆ ಊಟದ ಮೇಜಿನಲ್ಲಿ ಅವರು ಸ್ಕೋರು ಕೇಳಿದಾಗ ನನಗೆ ತಡೆಯಲಾಗಲಿಲ್ಲ, ಹೇಳಿಬಿಟ್ಟೆ. ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಬಯ್ಯುತ್ತಾರೆ ಎಂದುಕೊಂಡೆ. "ನನಗೇನೋ ನಾದಿನಿ ಇದ್ದಾಳೆ, ಹೇಳಿದ್ಲು. ಆ ಡ್ರೈವರಿಗೆ ಯಾರು ಹೇಳ್ತಾರೆ?" ಎಂದರು. ನಾನು ಸಮಿತಿ, ನಿರ್ದೇಶಕರು, ಮರ್ಯಾದೆ ಎಂದೆಲ್ಲ ಶುರುಮಾಡಿದೆ. "ಅದೆಲ್ಲ ನಂಗೆ ಗೊತ್ತಾಗಲ್ಲಮ್ಮ. ನಾಳೆ ನಾನು ಬಸ್ ಹತ್ತೋ ಮುಂಚೆ ಆ ಡಾಕ್ಟರಿಗೆ ಫೋನ್ ಮಾಡು. ನಾನು ಪಕ್ಕದಲ್ಲೇ ಕೂತಿರ್ತೀನಿ" ಎಂದರು. ಹಾಗೇ ಕೂತರು. ನಾನೇ ನಿಶ್ಚಯಿಸಿದೆ ಎಂದು ಮೇಲೆ ಬರೆದಿದ್ದೇನಲ್ಲ, ಆ ನಿಶ್ಚಯ ಭಾವನದು. ಅವರು ಪಕ್ಕದಲ್ಲಿ ಕೂರದಿದ್ದರೆ ನಾನು ಇವತ್ತಿಗೂ ನಾಳೆ ಎನ್ನುತ್ತಿರುತ್ತಿದ್ದೆನೋ ಏನೋ.

ಅಂದು ಮಧ್ಯಾಹ್ನವೇ ಅವರು ಪ್ರಯೋಗ ಬಿಟ್ಟು, ಊರಿಗೆ ಬಂದು ಹಳೆಯ ಡಾಕ್ಟರನ್ನು ಕಂಡರು. ಈಗ ನೀನು ಕೊಡುತ್ತಿರುವ ಬೂದು ಬಣ್ಣದ ಮಾತ್ರೆ ಪ್ರಯೋಗದ್ದಲ್ಲ. ಅದೇ ಹಳೆಯ ಮಾತ್ರೆ, ಹೆಚ್ಚಿನ ಪ್ರಮಾಣದ್ದು, ಅದಕ್ಕೇ ಬಣ್ಣ ಬೇರೆ. ಕ್ಯಾಪ್ಸೂಲ್ ಹೋಗಿ ಮಾತ್ರೆ ಬಂತಂತಲ್ಲ ಎಂದು ನೀನು ಕೇಳಿದಾಗ ನಾನು ಹೂಂಗುಟ್ಟಿದ್ದೆ. "ನಿಮ್ಮಕ್ಕ ಹಾಸಿಗೆಯಿಂದ ಎದ್ದು ಓಡಾಡೋವರೆಗೂ ಹೇಳ್ಬೇಡ. ತಂಗಿ ಔಷಧೀಲಿ ಗಂಡ ಗುಣ ಆದ ಅಂತ ಅವಳು ನಾಲ್ಕು ದಿನ ಖುಷಿಯಾಗಿರ್ಲಿ" ಎಂದು ಅವರು ಕೇಳಿಕೊಂಡಿದ್ದರು. ನನಗೂ ಅದು ಅನುಕೂಲವಾಗಿತ್ತು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡ.

ಆ ಗುಂಡಿ ನಿಜ ಅಕ್ಕ. ಅದು ನಂಬಿಕೆಯಿಂದ ಬಂದದ್ದಲ್ಲ, ಕೆಲವು ವಾರಕ್ಕೆ ನಿಲ್ಲುವಂಥದ್ದೂ ಅಲ್ಲ. ನಾನು ಹುಟ್ಟುವುದಕ್ಕೆ ಮೊದಲೇ ಯಾರೋ ಕಂಡುಹಿಡಿದಿಟ್ಟಿದ್ದ ಮಾತ್ರೆ ಅದು. ನನ್ನ ಲೇಖನದಲ್ಲಿ ಅದರ ಬಗ್ಗೆ "ಹಳೆಯ ಚಿಕಿತ್ಸೆ, ಪ್ರಯೋಜನ ಸೀಮಿತ" ಎಂದು ಒಂದು ಸಾಲು ಬರೆದು ಮುಂದೆ ಹೋಗಿದ್ದೆ.

ಅದನ್ನು ಊಟಕ್ಕೆ ಅರ್ಧ ಗಂಟೆ ಮೊದಲು ಕೊಡು, ಊಟದ ಜೊತೆ ಬೇಡ. ಹೊಟ್ಟೆ ತುಂಬಿದ್ದರೆ ಅದು ಸರಿಯಾಗಿ ಮೈಗೆ ಹತ್ತುವುದಿಲ್ಲ. ಈ ಕಾಯಿಲೆಯ ಬಗ್ಗೆ ಇಷ್ಟು ವರ್ಷ ನಿನಗೆ ನಾನು ಹೇಳಿದ್ದರಲ್ಲಿ ಇದೊಂದನ್ನು ಮಾತ್ರ ನೀನು ಕಣ್ಣು ಮುಚ್ಚಿ ನಂಬಬಹುದು. ಅದೂ ಬೇಡ. ಡಾಕ್ಟರನ್ನು ಒಮ್ಮೆ ಕೇಳಿಕೋ.